ಟ್ರಂಕಿನಂಗಡಿಯ ಕ್ಯಾಪ್ಟನ್

ನಮ್ಮ ಮನೆಯವರು ಮಾತಾಡೋದಿಲ್ಲ, ಕೂಗ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಯಾರೋ ಯಾರಿಗೋ ಹೊಡೀತಿದ್ದಾರೆ ಅಂತ ಅಡುಗೆಮನೆಯಿಂದ ಓಡಿ ಬರ್ತಿದ್ದೆ. ನೋಡಿದರೆ ಮಾವ ಉಪ್ಪು ಕೇಳ್ತಿರೋರು. ಕೆಳಗೆ ಟ್ರಂಕಿನ ಅಂಗಡಿ, ಮೇಲೆ ಮನೆ. ಬೆಳಗ್ಗೆ ಶಟರ್ ಎತ್ತಿದ ಗಳಿಗೆಯಿಂದ ಕತ್ತಲಾಗೋವರೆಗೆ ತಗಡಿನ ಮೇಲೆ ಸುತ್ತಿಗೆ. ಬಾಯಿಬಿಟ್ಟು ಪ್ರಯೋಜನವಿಲ್ಲ ಅಂತ ಇವರದೇ ಒಂದು ಪದ್ಧತಿ ಬೆಳೆದುಬಿಟ್ಟಿದೆ. ಅಂಗೈಗೆ ಅಂಗೈ ಉಜ್ಜಿದರೆ ಊಟಕ್ಕೆ ಬನ್ನಿ ಅಂತ. ಮೂಗಿನ ಮೇಲೆ ಬೆರಳಿಟ್ಟರೆ ಬಂದಿರೋ ಗಿರಾಕಿ ಬರೀ ಚೌಕಾಸಿಯವನು ಅಂತ. ಯಾರನ್ನಾದರೂ ಕರೀಬೇಕಾದರೆ ನೆಲಕ್ಕೆ ಕಾಲು ಕುಟ್ಟಬೇಕು, ಮಲಗಿದವರನ್ನ ಏಳಿಸಬೇಕಾದರೆ ಕಾಲಿನ ಹೆಬ್ಬೆರಳು ಹಿಡಿದು ಅಲ್ಲಾಡಿಸಬೇಕು. ಎದುರಿಗಿರೋರ ತುಟಿ ನೋಡಿಯೇ ಅರ್ಧ ಮಾತು ಹಿಡಿದುಬಿಡ್ತಾರೆ ಎಲ್ಲರೂ. ರಜೆಯ ದಿನ ಸುತ್ತಿಗೆ ನಿಂತಿದ್ದರೂ ಹೀಗೇ.

ನಾನು ಗಡಿಯಾರ ರಿಪೇರಿಯವರ ಮಗಳು. ನಮ್ಮಪ್ಪನ ಮನೆಯಲ್ಲಿ ಸೂಜಿ ಬಿದ್ದರೂ ಎಲ್ಲರೂ ತಲೆಯೆತ್ತಿ ನೋಡೋರು. ಇಲ್ಲಿಗೆ ಬಂದಮೇಲೆ ನಾನೂ ಗಂಟಲು ದೊಡ್ಡದು ಮಾಡಿಕೊಂಡೆ, ಇಲ್ಲದಿದ್ದರೆ ಬದುಕೋಕೆ ಆಗುತ್ತಾ? ಟ್ರಂಕಿಗೆ ಕ್ಯಾನ್ವಾಸ್ ಹೊದಿಕೆ ಹೊಲಿಯೋದು ನನ್ನ ಕೆಲಸ. ನನ್ನ ಗಂಡ ತಗಡು ಕತ್ತರಿಸ್ತಾರೆ. ಅವರಣ್ಣ, ಅಂದರೆ ನನ್ನ ಭಾವ, ಅದನ್ನ ಬಡಿದು, ಮಡಿಸಿ, ಬಣ್ಣ ಹೊಡೀತಾರೆ. ಮಾವನಿಗೆ ಕೈ ನಡುಗೋಕೆ ಶುರುವಾದಮೇಲೆ ಕುರ್ಚಿ ಮೇಲೆ ಕೂತು ಎಲ್ಲರನ್ನೂ ಬೈಯೋದೊಂದೇ ಕೆಲಸ. ಅವರಿಗೆ ಎರಡು ಕಿವಿಯೂ ಪೂರ್ತಿ ಹೋಗಿದೆ, ವಯಸ್ಸು ಅಂತಾರೆ ಎಲ್ಲರೂ. ಭಾವನ ಹೆಂಡತಿಯನ್ನ ನಾನು ಅಕ್ಕ ಅಂತೀನಿ. ಅಡುಗೆಮನೆಯೂ ಅವರದ್ದೇ, ಅಂಗಡಿಯ ಗಲ್ಲಾನೂ ಅವರದ್ದೇ. ನನ್ನ ಮಗಳು ಪುಟ್ಟಿ ಇನ್ನೂ ಶಾಲೆ ಹುಡುಗಿ. ಅಕ್ಕನಿಗೆ ಒಬ್ಬನೇ ಮಗ, ಅವನನ್ನ ಬೀದಿಯವರೆಲ್ಲ ಕ್ಯಾಪ್ಟನ್ ಅಂತಾರೆ.

ಆ ಹೆಸರು ಸುಮ್ಮನೆ ಬಂದಿದ್ದಲ್ಲ. ಊರಾಚೆ ಸೈನಿಕ ಅಕಾಡೆಮಿ ಇದೆ. ವರ್ಷಾವರ್ಷ ಸೇರೋ ಹುಡುಗರು ಕರಿ ಟ್ರಂಕನ್ನ ನಮ್ಮಲ್ಲೇ ಕೊಳ್ಳೋದು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಯೋದು ಭಾವ. "ಕಂಡವರ ಮಕ್ಕಳ ಹೆಸರು ಬರೆದೂ ಬರೆದೂ ಕೈ ಸೋತುಹೋಯ್ತು ಕಣಮ್ಮ, ಒಂದು ಸಲ ನನ್ನ ಮಗನ ಹೆಸರು ಬರೀಬೇಕು," ಅಂತ ಅವರು ನನಗೇ ಎಷ್ಟು ಸಲ ಹೇಳಿದ್ದಾರೋ. ಹುಡುಗನೂ ಹಾಗೇ ಬೆಳೆದ. ಚಿಕ್ಕಂದಿನಿಂದ ಅಂಗಡಿಯಲ್ಲಿ ಅಪ್ಪನ ಪಕ್ಕ ಸ್ಟೂಲು ಹಾಕಿಕೊಂಡು ಹೋಮ್‌ವರ್ಕ್ ಬರೆದವನು. ಬಂದ ಕೆಡೆಟ್ಟುಗಳ ನಡಿಗೆ ನೋಡಿ ತಾನೂ ಎದೆ ಸೆಟೆಸಿ ನಡೆದು ತೋರಿಸೋನು. ಗಡ್ಡ ಬಂದಮೇಲೆ ಅಕಾಡೆಮಿಗೆ ಅರ್ಜಿ ಹಾಕಿದ.

ಲಿಖಿತ ಪರೀಕ್ಷೆ ಪಾಸಾದ. ಸಂದರ್ಶನವನ್ನೂ ಗೆದ್ದ. ವೈದ್ಯಕೀಯ ತಪಾಸಣೆಗೆ ಬರಬೇಕು ಅಂತ ಕರೆ ಬಂದ ದಿನ ಭಾವ ಒಂದು ಹೊಸ ಟ್ರಂಕಿಗೆ ಕರಿ ಬಣ್ಣ ಹೊಡೆದು ಅಂಗಡಿ ಮುಂದೆ ಒಣಗೋಕೆ ಇಟ್ಟರು. ಎಲ್ಲರೂ ನೋಡಲಿ ಅಂತಲೇ ಇಟ್ಟಿದ್ದು.

"ಇನ್ನೂ ಡಾಕ್ಟರು ನೋಡಿಲ್ಲ, ಆಗಲೇ ಪೆಟ್ಟಿಗೆ ಕಟ್ಟಿಬಿಟ್ರಾ?" ಅಂದೆ ನಾನು.

"ಏನಮ್ಮಾ, ನೋಡೋಕೇನಿದೆ? ಹುಲಿ ಹಂಗಿದಾನೆ," ಅಂದರು ಭಾವ.

ಊಟದ ಹೊತ್ತಿಗೆ ಹುಲಿಗೆ ಬೇರೆ ಸೇವೆ. ನಮಗೆಲ್ಲ ಅನ್ನ ಪಲ್ಯ, ಅವನ ತಟ್ಟೆಗೆ ಮೊಟ್ಟೆ ಮೇಲೆ ಮೊಟ್ಟೆ. ಪುಟ್ಟಿ ಒಂದು ಮೊಟ್ಟೆಗೆ ಕೈ ಹಾಕಿದರೆ ಅಕ್ಕ ಅವಳ ಕೈಮೇಲೆ ಚಮಚದಿಂದ ಮೆಲ್ಲಗೆ ತಟ್ಟಿದರು. ಮಾವ ಗಟ್ಟಿಯಾಗಿ ಗೊಣಗಿದರು. ಅವರು ಗೊಣಗಿದರೆ ಬೀದಿ ಕೊನೆಗೂ ಕೇಳುತ್ತೆ.

"ಅವನು ಹೋದ್ರೆ ಅಂಗಡಿ ಯಾರು ನೋಡ್ಕೊಳ್ಳೋದು? ನನ್ನ ಸುತ್ತಿಗೆ ಯಾರು ಹಿಡಿಯೋದು?"

"ನೀವು ಸುಮ್ನೆ ಊಟ ಮಾಡಿ ಅಪ್ಪ," ಅಂದರು ಭಾವ.

"ಏನಂದೆ?"

"ಊಟ ಮಾಡೀ!"

"ಮಾಡ್ತಾನೇ ಇದೀನಲ್ಲೋ, ಯಾಕೆ ಕಿರುಚ್ತೀಯ?"

ನಾವೆಲ್ಲ ನಕ್ಕೆವು. ನಮ್ಮ ಮನೆಯಲ್ಲಿ ಇದು ದಿನದ ನಗು.

ಮಾರನೇ ಬೆಳಗ್ಗೆ ಹಾಲು ಕಾಯಿಸೋಕೆ ನಾನು ಬೇಗ ಎದ್ದಿದ್ದೆ. ಕ್ಯಾಪ್ಟನ್ ಪಡಸಾಲೆಯಲ್ಲಿ ಬಲಮಗ್ಗುಲಾಗಿ ಮಲಗಿದ್ದ. ಓಟಕ್ಕೆ ಏಳಬೇಕು ಅಂತ ತಲೆ ಹತ್ತಿರವೇ ಫೋನು ಇಟ್ಟುಕೊಂಡಿದ್ದ, ಅದರ ಅಲಾರಂ ಬಡ್ಕೊಳ್ತಾ ಇತ್ತು. ಹೊಡೆದು ಹೊಡೆದು ತಾನಾಗೇ ನಿಂತಿತು, ಮತ್ತೆ ಶುರುವಾಯಿತು. ಹುಡುಗ ಮಿಸುಕಲಿಲ್ಲ. ಎಂಥಾ ನಿದ್ದೆಯಪ್ಪಾ ಅಂದುಕೊಂಡೆ. ಅಷ್ಟರಲ್ಲಿ ಅಕ್ಕ ಕಣ್ಣುಜ್ಜುತ್ತಾ ಬಂದು ಅವನ ಹೆಬ್ಬೆರಳು ಹಿಡಿದು ಅಲ್ಲಾಡಿಸಿದರು. ತಟ್ಟನೆ ಎದ್ದು ಕೂತ. ಇಷ್ಟು ಹಗುರ ನಿದ್ದೆಯವನಿಗೆ ಆ ಗಲಾಟೆ ಕೇಳಲಿಲ್ಲವಾ? ಹಾಲು ಉಕ್ಕಿ ಒಲೆ ಮೇಲೆಲ್ಲ ಹರಿಯಿತು, ನಾನು ನೋಡ್ತಾ ನಿಂತಿದ್ದೆ.

ಆವತ್ತಿಂದ ನನ್ನ ಕಣ್ಣು ಅವನ ಮೇಲೇ. ಹೊಲಿಗೆ ಯಂತ್ರ ನಿಲ್ಲಿಸಿ ಎಡಗಡೆಯಿಂದ "ಏ ಕ್ಯಾಪ್ಟನ್" ಅಂದರೆ ತಿರುಗೋದಿಲ್ಲ. ಬಲಗಡೆಯಿಂದ ಅಂದರೆ "ಏನು ಚಿಕ್ಕಮ್ಮ" ಅಂತಾನೆ. ಊಟಕ್ಕೆ ಕೂರುವಾಗ ಯಾವಾಗಲೂ ಗೋಡೆ ಪಕ್ಕ, ಎಡಭುಜ ಗೋಡೆಗೆ. ಇಷ್ಟು ವರ್ಷ ಅದು ಅವನ ಜಾಗ ಅಂದುಕೊಂಡಿದ್ದೆವಲ್ಲ! ಯಾರನ್ನ ದೂರಲಿ? ನೆಲ ಕುಟ್ಟಿ ಕರೆಯೋ ಮನೆಯಲ್ಲಿ ಒಬ್ಬನಿಗೆ ಕೇಳಿಸಲ್ಲ ಅಂತ ಗೊತ್ತಾಗೋದಾದರೂ ಹೇಗೆ?

ಆ ವಾರವೇ ಓಟಕ್ಕೆ ಹೋದವನು ಮೊಣಕೈ ತರಚಿಕೊಂಡು ಬಂದ. ಬಿದ್ದೆ ಅಂದ. ಹಾಲಿನವನು ನನಗೆ ಬೇರೆಯೇ ಹೇಳಿದ. ಎಡಗಡೆಯಿಂದ ವ್ಯಾನು ಹಾರನ್ ಮಾಡ್ಕೊಂಡು ಬಂತಂತೆ, ಇವನು ದಾರಿ ಬಿಡಲಿಲ್ಲವಂತೆ, ಕನ್ನಡಿ ತಗುಲಿ ಚರಂಡಿಗೆ ಬಿದ್ದನಂತೆ. "ಡ್ರೈವರ್ ಅದೃಷ್ಟ ಚೆನ್ನಾಗಿತ್ತು ಅಮ್ಮಾ. ಒಂದು ಗೇಣು ಆಚೀಚೆ ಆಗಿದ್ರೆ ಹುಡುಗ ಚಕ್ರದ ಕೆಳಗೆ," ಅಂದ.

ತರಕಾರಿ ಹೆಚ್ಚುವಾಗ ಅಕ್ಕನ ಎದುರಿಗೆ ಕೂತು, ಮುಖ ಕಾಣೋ ಹಾಗೆ ಹೇಳಿದೆ. "ಅಕ್ಕಾ, ಅವನಿಗೆ ಎಡಗಿವಿ ಕೇಳಿಸ್ತಿಲ್ಲ. ಡಾಕ್ಟರಿಗೆ ತೋರಿಸೋಣ."

ಅಕ್ಕನ ಚಾಕು ನಿಂತಿತು. "ನಿನಗೆ ಯಾರು ಹೇಳಿದ್ದು?"

"ಯಾರೂ ಹೇಳ್ಬೇಕಾಗಿಲ್ಲ. ನೋಡಿದೀನಿ."

"ನೀನು ಗಡಿಯಾರದ ಟಿಕ್ ಟಿಕ್ ಕೇಳ್ಕೊಂಡು ಬೆಳೆದೋಳು. ನಿನ್ನ ಲೆಕ್ಕದಲ್ಲಿ ಈ ಮನೇಲಿ ಎಲ್ಲರೂ ಕಿವುಡರೇ. ನನಗೂ ಕೇಳಿಸಲ್ಲ ಅಂತೀಯ ನಾಳೆ."

ಅವರಿಗೂ ಅರ್ಧಂಬರ್ಧವೇ ಕೇಳೋದು. ಅದನ್ನ ಹೇಳೋಕೆ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

"ತಪಾಸಣೆ ಮುಗೀಲಿ. ಬಾಯಲ್ಲಿ ಒಳ್ಳೇದು ಆಡು," ಅಂದರು ಅಕ್ಕ. ಆಮೇಲೆ ಅಡುಗೆ ಮುಗಿಯೋವರೆಗೂ ನನ್ನ ಮುಖ ನೋಡಲಿಲ್ಲ.

ತಪಾಸಣೆಗೆ ಅಪ್ಪ ಮಗ ಇಬ್ಬರೂ ಹೊಸ ಅಂಗಿ ಹಾಕಿಕೊಂಡು ಹೋದರು. ಸಂಜೆ ಬಂದಾಗ ಭಾವ ಅಂಗಡಿ ಮುಂದಿದ್ದ ಆ ಕರಿ ಟ್ರಂಕನ್ನ ಮೊದಲು ಒಳಗೆ ಎಳೆದರು. ಆಮೇಲೆ ಶಟರ್ ಇಳಿಸಿದರು. ಕೇಳಬೇಕಾಗಿರಲಿಲ್ಲ. ಪಕ್ಕದ ಸೈಕಲ್ ಅಂಗಡಿಯವನಿಗೆ "ಸ್ವಲ್ಪ ತೂಕ ಕಮ್ಮಿ ಅಂದ್ರು" ಅಂತ ಹೇಳ್ತಿದ್ದದ್ದು ಮೆಟ್ಟಿಲ ಮೇಲಿದ್ದ ನನಗೆ ಕೇಳಿಸಿತು. ಅಷ್ಟು ಮೊಟ್ಟೆ ತಿಂದವನಿಗೆ ತೂಕ ಕಮ್ಮಿಯಂತೆ!

ಊಟಕ್ಕೆ ಕೂತಾಗ ನಿಜ ಹೊರಗೆ ಬಂತು.

"ಒಂದು ಡಬ್ಬಿಯೊಳಗೆ ಕೂರಿಸಿದ್ರು," ಅಂದ ಕ್ಯಾಪ್ಟನ್. "ಗಾಜಿನ ಬಾಗಿಲು. ಕಿವಿಗೆ ಏನೋ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತು ಅಂದ್ರು. ಎಡಗಡೆ ಏನೂ ಬರಲೇ ಇಲ್ಲ. ಯಂತ್ರ ಕೆಟ್ಟಿದೆಯೇನೋ ಅಂದೆ. ಅವರು ನಕ್ರು."

"ಕೆಟ್ಟೇ ಇರುತ್ತೆ!" ಅಂದರು ಅಕ್ಕ. "ಸದ್ದೇ ಇಲ್ಲದ ಡಬ್ಬೀಲಿ ಕೂರಿಸಿದ್ರೆ ಯಾರಿಗೆ ತಾನೇ ಕೇಳುತ್ತೆ? ಹಂಗೆ ಕೂತು ಅಭ್ಯಾಸ ಇದ್ಯಾ ನಮ್ಮ ಹುಡುಗನಿಗೆ? ಬಂದು ನಮ್ಮ ಅಂಗಡೀಲಿ ಪರೀಕ್ಷೆ ಮಾಡ್ಲಿ, ನೋಡೋಣ!"

ಯಾರೂ ನಗಲಿಲ್ಲ. ಮಾವನಿಗೆ ಮಾತು ಕೇಳಿರಲಿಲ್ಲ, ಆದರೆ ಮುಖಗಳನ್ನ ಓದಿದರು. "ಅಂಗಡಿಗೆ ಬಾ ಮಗ," ಅಂತ ಕೂಗಿದರು. "ನನಗೂ ಮೊದಲು ಎಡಗಿವಿಯೇ ಹೋಗಿದ್ದು. ಏನಾಯ್ತು? ಸಂಸಾರ ನಡೀಲಿಲ್ವಾ?"

ಕ್ಯಾಪ್ಟನ್ ತಟ್ಟೆ ಬಿಟ್ಟು ಎದ್ದ.

ಎರಡು ದಿನ ಕಾದು, ಹೊದಿಕೆ ಬಟ್ಟೆ ತರೋಕೆ ಅಂತ ನೆಪ ಹೇಳಿ ಅವನನ್ನ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರಮ್ಮ ಒಳ್ಳೆಯವರು. ಅಂಗಡಿಯ ಕಥೆ ಪೂರ್ತಿ ಕೇಳಿದರು, ಸ್ಟೂಲು ಯಾವ ಕಡೆ ಇತ್ತು ಅಂತಲೂ ಕೇಳಿದರು. ಸುತ್ತಿಗೆ ಅವನ ಎಡಕ್ಕೇ ಇತ್ತು. "ಎಡಗಿವಿ ಮುಗೀತು, ಅದು ವಾಪಸ್ ಬರಲ್ಲ," ಅಂದರು. "ಬಲಗಿವಿಯೂ ಶುರುವಾಗಿದೆ. ಇದನ್ನ ಉಳಿಸ್ಕೋಬೇಕು. ಸುತ್ತಿಗೆ ಹತ್ರ ಇರಬಾರದು. ಬಂದೂಕಿನ ಸದ್ದಂತೂ ಬೇಡವೇ ಬೇಡ."

ಬಸ್ ಸ್ಟಾಪಿನಲ್ಲಿ ಅವನು ನನ್ನ ಕೈ ಹಿಡಿದುಕೊಂಡ. "ಚಿಕ್ಕಮ್ಮ, ಬಲಗಿವಿ ವಿಷಯ ಮನೇಲಿ ಹೇಳ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

"ಹೇಳ್ತೀನಿ," ಅಂದೆ. "ಬೈಕೋ, ಮಾತು ಬಿಡು, ಏನಾದ್ರೂ ಮಾಡ್ಕೋ. ಹೇಳೇ ಹೇಳ್ತೀನಿ."

ಹೇಳಿದೆ. ಊಟದ ಹೊತ್ತಿಗೇ, ಎಲ್ಲರೂ ನನ್ನ ತುಟಿ ನೋಡೋ ಹಾಗೆ ನಿಂತುಕೊಂಡು ಹೇಳಿದೆ. ಆಮೇಲೆ ಶುರುವಾಯಿತು ನೋಡಿ. ಕೇಳದೆ ಕರೆದುಕೊಂಡು ಹೋಗೋಕೆ ನೀನು ಯಾರು ಅಂದರು ಅಕ್ಕ. ಸುತ್ತಿಗೆಯಿಂದ ಕಿವಿ ಹೋಗೋದಾದರೆ ನನ್ನದೂ ಹೋಗಬೇಕಿತ್ತಲ್ಲ ಅಂದರು ಭಾವ. "ನಿಮಗೆ ಟಿವಿ ಎಷ್ಟು ಜೋರಾಗಿ ಇಟ್ಟರೆ ಕೇಳುತ್ತೆ ಅಂತ ಬೀದಿಯವರನ್ನ ಕೇಳಿ," ಅಂದುಬಿಟ್ಟೆ. ನನ್ನ ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ತುಳಿಯಲಿ, ಇನ್ನೂ ಮುಗಿದಿರಲಿಲ್ಲ.

"ಬೇರೆ ದಾರಿ ಇಲ್ವಾ? ಅವನ ಕೈ ನೋಡಿ, ತಗಡಿನ ಮೇಲೆ ಗೆರೆ ಎಳೆದ್ರೆ ಅಳತೆಪಟ್ಟಿ ಬೇಡ. ಸೈನ್ಯಕ್ಕೆ ನಕ್ಷೆ ಬರೆಯೋ ಕಚೇರಿ ಇದೆ, ಅದಕ್ಕೆ ಓದಿಸಿ. ಸದ್ದಿಲ್ಲದ ಕೆಲಸ."

"ನಕ್ಷೆ ಬರೆಯೋಕಾ ನಾನು ಬೆಳಗ್ಗೆ ಬೆಳಗ್ಗೆ ಓಡ್ತಿದ್ದಿದ್ದು?" ಅಂದ ಕ್ಯಾಪ್ಟನ್. "ಅಕಾಡೆಮಿ ಹೋಯ್ತು. ಸರಿ. ಡಿಗ್ರಿ ಮಾಡಿ ಆಮೇಲೆ ಆಫೀಸರ್ ಆಗೋದಕ್ಕೂ ಅದೇ ಡಬ್ಬಿ, ಅದೇ ಯಂತ್ರ. ಉಳಿದಿದ್ದು ಒಂದೇ. ಕೋಚಿಂಗ್ ಮೇಷ್ಟ್ರು ಹೇಳಿದ್ರು, ಸಿಪಾಯಿ ಭರ್ತೀಲಿ ಯಂತ್ರ ಇಲ್ವಂತೆ. ಹಿಂದೆ ನಿಂತು ಪಿಸುಗುಟ್ತಾರಂತೆ, ಅಷ್ಟೇ."

ಸಿಪಾಯಿ ಅಂದಾಗ ಭಾವನ ಮುಖ ಕಂದಿತು. ಅಂಗಡಿಗೆ ಬರೋ ಅಕಾಡೆಮಿ ಹುಡುಗರ ಹಿಂದೆ ಟ್ರಂಕು ಹೊತ್ತುಕೊಂಡು ಬರ್ತಾರಲ್ಲ, ಅವರು ಸಿಪಾಯಿಗಳು. ಆದರೂ ಅವರು ಹೂಂ ಅಂದರು. ಯೂನಿಫಾರ್ಮ್ ಯೂನಿಫಾರ್ಮೇ, ಒಳಗೆ ಹೋದಮೇಲೆ ಮೇಲೆ ಹತ್ತಬಹುದು ಅಂತ ತಮಗೆ ತಾವೇ ಹೇಳಿಕೊಂಡರು. ಹತ್ತೋಕೆ ಕಿವಿ ಬೇಡವಾ ಅಂತ ಕೇಳೋ ಅಧಿಕಾರ ಆ ಮನೆಯಲ್ಲಿ ನನಗಿರಲಿಲ್ಲ.

ಅಲ್ಲಿಂದ ಶುರುವಾಯಿತು ಪಿಸುಮಾತಿನ ಅಭ್ಯಾಸ. ನಮ್ಮ ಮನೆಯಲ್ಲಿ ಪಿಸುಮಾತು! ಮಧ್ಯಾಹ್ನದ ಊಟಕ್ಕೆ ಸುತ್ತಿಗೆ ನಿಲ್ಲಿಸೋರು, ಕಿಟಕಿ ಹಾಕೋರು. ಕ್ಯಾಪ್ಟನ್ ಗೋಡೆಗೆ ಮುಖ ಮಾಡಿ ನಿಲ್ಲೋನು. ಪುಟ್ಟಿ ಹಿಂದೆ ನಿಂತು ಅಂಕಿ ಪಿಸುಗುಟ್ಟೋಳು. ಒಂದು ಕಿವಿಯನ್ನ ಹುಡುಗನೇ ಬೆರಳಿಂದ ಮುಚ್ಚಿಕೊಳ್ಳಬೇಕಂತೆ ಅಲ್ಲಿ. ಆ ಮೇಷ್ಟ್ರು ಮಹಾಶಯ ಹೇಳಿಕೊಟ್ಟಿದ್ದರು: ಬಲಗಿವಿ ಮುಚ್ಚುವಾಗ ಬೆರಳು ಸಡಿಲ ಇಡು, ಯಾರಿಗೆ ಗೊತ್ತಾಗುತ್ತೆ?

"ಮೂವತ್ತಾರು," ಅನ್ನೋಳು ಪುಟ್ಟಿ.

"ಮೂವತ್ತಾರು."

"ಎಂಬತ್ತು."

"ಎಂಬತ್ತು!"

ಅಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡಿದ್ಯಾ, ಕೇಳುತ್ತೆ ನನ್ನ ಮಗನಿಗೆ," ಅಂತ ನನ್ನ ಕಡೆ ತಿರುಗಿದರು. ನಿಜಕ್ಕೂ ನಂಬಿಬಿಟ್ಟಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ಅವನ ಬಲಗಿವಿಯ ಬೆರಳಿನ ಮೇಲೆ ನನ್ನ ಬೆರಳಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದೆ. "ಈಗ ಹೇಳು ಪುಟ್ಟಿ."

ಪುಟ್ಟಿ ಹೇಳಿದಳು. ಮತ್ತೆ ಹೇಳಿದಳು. ಆಮೇಲೆ ಪಿಸುಮಾತು ಬಿಟ್ಟು ಕೂಗಿಯೇ ಹೇಳಿದಳು. ಹುಡುಗ ಗೋಡೆ ನೋಡ್ತಾ ನಿಂತಿದ್ದ. ಪುಟ್ಟಿ ಅಳು ತಡೆಯೋಕಾಗದೆ ಒಳಗೆ ಓಡಿದಳು. ಅವನು ಮೆಲ್ಲಗೆ ನನ್ನ ಬೆರಳು ಬಿಡಿಸಿಕೊಂಡು ನಕ್ಕ.

"ಚಿಕ್ಕಮ್ಮ, ಅಲ್ಲಿ ನೀನಿರಲ್ವಲ್ಲ."

"ನಿನಗೇನಾದ್ರೂ ಆದ್ರೆ ನಾವು ಬದುಕಿರ್ತೀವೇನೋ? ಯಾರಾದ್ರೂ ಹಿಂದಿನಿಂದ ಬಂದ್ರೆ? ಬಗ್ಗು ಅಂತ ಕೂಗಿದ್ರೆ?"

"ಎಲ್ಲರೂ ಬಗ್ಗಿದಾಗ ನಾನೂ ಬಗ್ತೀನಿ. ಕಣ್ಣಿದೆಯಲ್ಲ. ಈ ಮನೇಲಿ ಇಷ್ಟು ವರ್ಷ ಹಂಗೇ ಅಲ್ವಾ ಇದ್ದಿದ್ದು?"

ಭಾವ ಕಿಟಕಿ ತೆಗೆದು, ಕೆಳಗಿಳಿದು, ಸುತ್ತಿಗೆ ಎತ್ತಿಕೊಂಡರು.

ಮಲಗೋ ಮುಂಚೆ ಗಂಡನನ್ನ ಹಿಡಿದು ಕೂರಿಸಿಕೊಂಡೆ. "ನೀವಾದ್ರೂ ಅಣ್ಣನಿಗೆ ಹೇಳಿ."

"ಹೇಳಿದೆ. ಏನಂದ ಗೊತ್ತಾ? ಇಲ್ಲೇ ಇಟ್ಕೊಂಡ್ರೆ ಅಂಗಡೀಲಿ ಇನ್ನೊಂದು ಕಿವೀನೂ ಹೋಗುತ್ತೆ, ಅಲ್ಲಿ ಹೋದ್ರೆ ಮರ್ಯಾದೆಯಾದ್ರೂ ಸಿಗುತ್ತೆ ಅಂದ."

"ಎರಡೂ ಬಿಟ್ಟು ಮೂರನೇದಿಲ್ವಾ?"

"ಹುಡುಗನೇ ಕೇಳಲ್ಲ ಅಂತಾನಲ್ಲೇ." ಮಗ್ಗುಲು ತಿರುಗಿ ಮಲಗಿಬಿಟ್ಟರು.

ಭರ್ತಿಯ ಹಿಂದಿನ ದಿನ ನಾನೊಬ್ಬಳೇ ಅದು ನಡೆಯೋ ಮೈದಾನಕ್ಕೆ ಹೋದೆ. ಗೇಟಿನ ಹತ್ತಿರ ಮೇಜು ಹಾಕಿಕೊಂಡು ಒಬ್ಬರು ಕೂತಿದ್ದರು, ಎದೆ ಮೇಲೆ ಪದಕದ ಪಟ್ಟಿ. ಎಲ್ಲ ಹೇಳಿದೆ. ಕಿವಿ, ಬೆರಳು, ವ್ಯಾನು, ಡಾಕ್ಟರಮ್ಮ ಎಲ್ಲ. ಅವರು ತಾಳ್ಮೆಯಿಂದಲೇ ಕೇಳಿದರು.

"ನೀವು ಹುಡುಗನ ತಾಯೀನಾ?"

"ಚಿಕ್ಕಮ್ಮ."

"ನೋಡಿಯಮ್ಮಾ, ಪ್ರತಿ ಭರ್ತೀಲೂ ಹಿಂಗೇ. ಕಳಿಸೋಕೆ ಮನಸ್ಸಿಲ್ಲದೋರು ಬಂದು ಏನೇನೋ ಹೇಳ್ತಾರೆ. ಬೆಳಗ್ಗೆ ಒಬ್ಬರು ಬಂದು ತಮ್ಮನಿಗೆ ಹುಚ್ಚು ಅಂದ್ರು. ನೋಡಿದ್ರೆ ಆಸ್ತಿ ಜಗಳ." ನನ್ನ ಮುಖ ನೋಡಿ ಸ್ವಲ್ಪ ಕರಗಿದರು ಅನ್ನಿಸಿತು. "ಆಯ್ತು, ನಮ್ಮ ಡಾಕ್ಟರು ಇರ್ತಾರೆ. ಸರಿಯಾಗಿ ನೋಡೋಕೆ ಹೇಳ್ತೀನಿ, ಹೋಗಿ."

ಹೇಳಿದರೋ ಇಲ್ಲವೋ. ಹುಡುಗರು ಸಾಲುಗಟ್ಟಿ ನಿಂತಿದ್ದರಂತೆ, ಡಾಕ್ಟರು ಒಬ್ಬರೇ ಅಂತೆ, ಬಿಸಿಲು ಬೇರೆ. ಹಿಂದೆ ನಿಂತು ಎರಡು ಅಂಕಿ ಹೇಳಿದರಂತೆ, ಮುಂದಕ್ಕೆ ಹೋಗು ಅಂದರಂತೆ. ಆಯ್ಕೆಯಾಗಿ ಬಂದ ಕ್ಯಾಪ್ಟನ್ ನನ್ನನ್ನ ಎತ್ತಿ ಒಂದು ಸುತ್ತು ತಿರುಗಿಸಿದ. ಅವನಿಗೆ ನನ್ನ ಮೇಲೆ ಕೋಪವೇ ಇರಲಿಲ್ಲ. ಅದೇ ನನಗೆ ತಡೆಯೋಕಾಗಲಿಲ್ಲ. ಅವನ ಬಟ್ಟೆ ಮಡಚಿ ಇಡ್ತಾ ಇಡ್ತಾ ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕ ಬಂದು ಭುಜದ ಮೇಲೆ ಕೈಯಿಟ್ಟು, "ಅಪಶಕುನ ಕಣೇ, ಹೋಗೋ ಮಗುವಿನ ಮುಂದೆ ಅಳಬಾರದು," ಅಂದರು. ಅವರ ಕೈ ತಣ್ಣಗಿತ್ತು.

ಹೋದ. ಮನೆ ಅಷ್ಟೇ ಗದ್ದಲವಾಗಿ ನಡೀತಿತ್ತು, ಆದರೆ ಊಟಕ್ಕೆ ಕೂತಾಗ ಗೋಡೆ ಪಕ್ಕದ ಜಾಗದಲ್ಲಿ ಯಾರೂ ಕೂರ್ತಿರಲಿಲ್ಲ. ಮೊದಲ ವಾರಗಳಲ್ಲಿ ಫೋನಿನಲ್ಲಿ ಅವನು ತರಲೆ ಮಾಡ್ತಿದ್ದ. ಪುಟ್ಟಿಗೆ ಗಣಿತದಲ್ಲಿ ಎಷ್ಟು ಬಂತು, ತಾತ ಯಾರನ್ನ ಬೈದ್ರು, ಚಿಕ್ಕಮ್ಮನ ಸಿಟ್ಟು ಇಳೀತಾ, ಎಲ್ಲ ಕೇಳ್ತಿದ್ದ. ಗುಂಡು ಹಾರಿಸೋ ಅಭ್ಯಾಸ ಶುರುವಾದ ದಿನ ಬಹಳ ಖುಷಿಯಲ್ಲಿದ್ದ. "ಗುರೀಲಿ ನಾನೇ ಫಸ್ಟ್ ಅಪ್ಪಾ! ಕಿವಿ ಮಾತ್ರ ಗುಂಯ್ ಅಂತಿದೆ, ಎಲ್ಲರಿಗೂ ಹಂಗೇ ಅಂತೆ." ಭಾವ ಬೀದಿಗೆಲ್ಲ ಸಿಹಿ ಹಂಚಿದರು. ನಾನು ಆ ಸಿಹಿ ತಿನ್ನಲಿಲ್ಲ.

ಆಮೇಲಾಮೇಲೆ ಮಾತು ಕಮ್ಮಿಯಾಯಿತು. ಕೇಳೋದೇ ಬಿಟ್ಟ, ಬರೀ ಹೇಳೋನು. ದಣಿವು ಅಂದರು ಅಕ್ಕ. ಟಿವಿಯಲ್ಲಿ ದಿನಾ ಗಡಿಯ ಸುದ್ದಿ. ಲಾರಿಗಳ ಸಾಲು, ಮರಳಿನ ಮೂಟೆ, ಗಂಟಲು ಹರಿದುಕೊಳ್ಳೋ ಜನ. ಅಂಗಡಿಗೆ ಟ್ರಂಕು ಕೇಳಿಕೊಂಡು ಬರೋರು ಜಾಸ್ತಿಯಾದರು. ಭಾವ ಅವರ ಹೆಸರು ಬರೀತಾ ಬರೀತಾ ಕುಂಚ ಹಿಡಿದುಕೊಂಡು ಸುಮ್ಮನೆ ಕೂತುಬಿಡೋರು. ಅಣ್ಣ ಯಾಕೋ ಸರಿಯಿಲ್ಲ ಅಂದರು ನನ್ನ ಗಂಡ.

ಆ ಸಂಜೆ ಅಕ್ಕ ಒಲೆ ಮುಂದಿದ್ದರು, ನಾನು ತಟ್ಟೆ ಹಾಕ್ತಿದ್ದೆ. ಫೋನು ಬಡೀತು. ಯಾವಾಗಲೂ ಅಕ್ಕನೇ ಎತ್ತೋದು. ಊಟ ಆಯ್ತಾ, ನಿದ್ದೆ ಮಾಡ್ತೀಯಾ, ಮೈ ಹುಷಾರಾ ಅಂತ ಅವರ ವಿಚಾರಣೆ ಮುಗಿದಮೇಲೇ ಬೇರೆಯವರ ಸರದಿ. ಆವತ್ತು ಅವರ ಕೈಯೆಲ್ಲ ಎಣ್ಣೆ. ಭಾವ ಎತ್ತಿದರು.

"ಏನೋ ಕ್ಯಾಪ್ಟನ್, ಹೇಗಿದೀಯಪ್ಪಾ?"

"ಹೂಂ ಅಮ್ಮಾ, ಊಟ ಆಯ್ತು!" ಅಂತ ಆ ಕಡೆಯಿಂದ ಕೂಗು. ತಟ್ಟೆ ಹಿಡಿದು ನಿಂತಿದ್ದ ನನಗೂ ಸ್ಪಷ್ಟವಾಗಿ ಕೇಳಿಸಿತು. ಮಾವ ಕೂಗ್ತಾರಲ್ಲ, ಅದೇ ಕೂಗು.

ಭಾವ ನಕ್ಕರು. "ಲೋ, ನಾನು ಕಣೋ, ಅಪ್ಪ."

ಸ್ವಲ್ಪ ಹೊತ್ತು ಬಿಟ್ಟು, "ಹೂಂ, ಚೆನ್ನಾಗಿ ನಿದ್ದೆ ಬರುತ್ತೆ."

ನಗು ಹಾಗೇ ನಿಂತುಹೋಯಿತು. ಭಾವ ನನ್ನ ಕಡೆ ನೋಡಿದರು. ಅವರು ಕಿಟಕಿಗೆ ಓಡಿ ಕೆಳಗೆ ನೋಡಿ ಕೈ ಬೀಸಿದರು. ಅಂಗಡಿಯಲ್ಲಿ ತಗಡು ಬಡೀತಿದ್ದ ನನ್ನ ಗಂಡ ಸುತ್ತಿಗೆ ನಿಲ್ಲಿಸಿದರು.

"ಕ್ಯಾಪ್ಟನ್! ನಾನು ಯಾರು ಮಾತಾಡ್ತಿರೋದು ಹೇಳು? ಯಾರು ನಾನು?"

"ಮೈಗೇನಾಗಿದೆ, ಗಟ್ಟಿಮುಟ್ಟಾಗಿದೀನಿ ಅಮ್ಮಾ."

"ವಾಪಸ್ ಬಾರೋ!" ಭಾವ ಕಿರುಚಿದರು. ಇಡೀ ಬೀದಿ ತಿರುಗಿ ನೋಡಿರಬೇಕು. "ಮಗಾ, ಕೇಳಿಸಲ್ಲ ಅಂತ ಅವರಿಗೆ ಹೇಳಿಬಿಡು! ನನ್ನದೇ ತಪ್ಪು, ಹೇಳಿಬಿಟ್ಟು ಮನೆಗೆ ಬಾ! ಕೇಳ್ತಾ ಇದ್ಯಾ? ಮನೆಗೆ ಬಾ!"

ಆ ಕಡೆ ಅವನು ಮಾತು ಮುಗಿಯೋವರೆಗೆ ಕಾಯ್ತಿದ್ದ ಅನ್ನಿಸುತ್ತೆ, ಒಳ್ಳೆ ಹುಡುಗ.

"ಸರಿ ಅಮ್ಮಾ, ಹಂಗೇ ಆಗ್ಲಿ. ಬೆಳಗ್ಗೆ ಲಾರಿ ಹತ್ತಬೇಕು, ಗಡಿಗೆ ಕಳಿಸ್ತಿದಾರೆ. ನನ್ನನ್ನ ಮುಂದಿನ ಕಾವಲಿಗೆ ಹಾಕಿದಾರೆ. ಅಪ್ಪನಿಗೆ ಹೇಳು, ಖುಷಿ ಪಡ್ತಾರೆ. ಇಡ್ತೀನಿ."

ಅಕ್ಕ ಕೈ ಒರೆಸಿಕೊಳ್ತಾ ಆತುರವಾಗಿ ಬಂದರು. ಗಂಡ ಕಿರುಚಿದ್ದು ಅವರಿಗೆ ಹೊಸದೇನಲ್ಲ, ಫೋನಿನ ಮಾತಂತೂ ಅವರಿಗೆ ದೂರದಿಂದ ತಿಳಿಯೋದೇ ಇಲ್ಲ.

"ಇಟ್ಟುಬಿಟ್ನಾ? ಏನಂದ?" ಅಂತ ಭಾವನ ತುಟಿ ನೋಡ್ತಾ ನಿಂತರು.

ಭಾವನ ತುಟಿ ಎರಡು ಸಲ ಅಲ್ಲಾಡಿತು. ಸದ್ದು ಬರಲಿಲ್ಲ.

"ಊಟ ಆಯ್ತಂತೆ," ಅಂದರು.